ದುಡಿಮೆ ಬೆಂಗಳೂರಿನ ಲೆಕ್ಕಕ್ಕೆ, ಮನೆ ಕಲಬುರಗಿ ಲೆಕ್ಕಕ್ಕೆ

"ಹಳ್ಳಿಲಿ ದುಡ್ಡಿಲ್ಲ ಅಂದ್ರೆ ಸಿಟಿಗೆ ಬರ್ಲಿ, ಅದ್ರಲ್ಲೇನಿದೆ?" ನಮ್ಮ ಕ್ಲಾಸಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದ್ರೂ ಒಬ್ಬರು ಹೀಗೆ ಹೇಳೇ ಹೇಳ್ತಾರೆ. ಸರಿ, ಬಂದವರ ಕಥೆ ಏನಾಯ್ತು?

ಮೊದಲು ಅಂಕಿ ನೋಡೋಣ. ರಾಜ್ಯ ಸರ್ಕಾರದ 2022-23ರ ಆರ್ಥಿಕ ಸಮೀಕ್ಷೆಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ವರ್ಷಕ್ಕೆ 6 ಲಕ್ಷ ರೂಪಾಯಿ ದಾಟಿದೆ. ಕಲಬುರಗಿಯದ್ದು 1.25 ಲಕ್ಷದ ಆಸುಪಾಸು. (ತಲಾ ಆದಾಯ ಅಂದ್ರೆ ಪರ್ ಕ್ಯಾಪಿಟಾ ಇನ್‌ಕಮ್. ಈ ಪದ ನನಗೂ ಕನ್ನಡ ಸಂಘಕ್ಕೆ ಸೇರಿದ ಮೇಲೇ ಗೊತ್ತಾಗಿದ್ದು.) 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಹಳ್ಳಿಯವರು. ಇದು ಹೊಸ ಸುದ್ದಿಯೂ ಅಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ವರದಿ ಕೊಟ್ಟಿತ್ತು.

ನನ್ನ ತಲೆ ಕೆಡಿಸಿದ್ದು ಬೇರೆ ವಿಷಯ. ಜಿಲ್ಲೆಯ ಉತ್ಪನ್ನವನ್ನು ಕೆಲಸ ಎಲ್ಲಿ ನಡೀತೋ ಆ ಜಿಲ್ಲೆಗೇ ಬರೆದುಕೊಳ್ತಾರೆ. ಕಲಬುರಗಿಯಿಂದ ಬಂದವರು ವೈಟ್‌ಫೀಲ್ಡಲ್ಲಿ ಸ್ಲ್ಯಾಬ್ ಹಾಕಿದ್ರೆ ಅದು ಬೆಂಗಳೂರಿನ ಆದಾಯ. ಊರಲ್ಲಿ ಉಳಿದ ಅಜ್ಜ, ಅಜ್ಜಿ, ಮಕ್ಕಳು ಮಾತ್ರ ಕಲಬುರಗಿಯ ತಲೆ ಎಣಿಕೆಗೆ!

ಅವರು ಬರೋದು ಯಾಕೆ? ಮಳೆ ನಂಬಿದ ತೊಗರಿ ಹೊಲ. ರಾಶಿ ಮುಗಿದ ಮೇಲೆ ಮುಂದಿನ ಮಳೆಗಾಲದವರೆಗೆ ಕೆಲಸ ಕಮ್ಮಿ. ನರೇಗಾ ಕೂಲಿ 2024-25ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಪೂರ್ತಿ 100 ದಿನ ಸಿಕ್ಕರೂ ಇಡೀ ಮನೆಗೆ ವರ್ಷಕ್ಕೆ 34,900. ಬೆಂಗಳೂರಲ್ಲಿ ಹೆಲ್ಪರ್‌ಗೇ ದಿನಕ್ಕೆ ಹೆಚ್ಚುಕಡಿಮೆ ಅದರ ಎರಡರಷ್ಟು ಸಿಗುತ್ತೆ. ಬರದೆ ಏನ್ ಮಾಡ್ತಾರೆ? ಬಂದು ನೀಲಿ ಟಾರ್ಪಾಲ್ ಶೆಡ್ಡಲ್ಲಿ ಇರ್ತಾರೆ. ಸೈಟ್ ಬದಲಾದಂತೆ ಶೆಡ್ಡೂ ಬದಲಾಗುತ್ತೆ, ಮಕ್ಕಳ ಶಾಲೆ ತಪ್ಪುತ್ತೆ.

ಇವರಿಗಂತಲೇ ಒಂದು ಕಾನೂನು ಬಂದಿತ್ತು. 1996ರ ಆ ಸೆಸ್ ಕಾಯ್ದೆ ತಂದ ನಿಯಮದಂತೆ ಕಟ್ಟಡದ ವೆಚ್ಚದಲ್ಲಿ 1% ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗ್ಬೇಕು. 50 ಕೋಟಿಯ ಅಪಾರ್ಟ್‌ಮೆಂಟ್ ಅಂದ್ರೆ 50 ಲಕ್ಷ, ಸಣ್ಣ ದುಡ್ಡಲ್ಲ. ಮಕ್ಕಳ ಸ್ಕಾಲರ್‌ಶಿಪ್, ಆಸ್ಪತ್ರೆ ಖರ್ಚು, ಪಿಂಚಣಿ ಎಲ್ಲ ಅದರಿಂದಲೇ. ಆದರೆ ಹೆಸರು ನೋಂದಣಿ ಆಗೋಕೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ನಮ್ಮ ಕ್ಯಾಂಪಸ್ ಹಿಂದಿನ ಸೈಟಲ್ಲಿ ಸೆಂಟ್ರಿಂಗ್ ಕೆಲಸದ ಅಣ್ಣ ಒಬ್ಬರನ್ನ ಕೇಳಿದೆ. "ಎರಡ ತಿಂಗ್ಳ ಇಲ್ಲಿ, ಒಂದ ತಿಂಗ್ಳ ಅಲ್ಲಿ. ಯಾರ ಕಡಿಂದ ಸಹಿ ಮಾಡಸ್ಬೇಕ್ರೀ?" ಅಂದ್ರು. ಬಿಲ್ಡರ್ ಮೇಸ್ತ್ರಿ ಕಡೆ ಕೈ ತೋರಿಸ್ತಾರೆ, ಕೆಲಸ ಮುಗಿದ ಮೇಲೆ ಮೇಸ್ತ್ರಿ ಫೋನ್ ಎತ್ತಲ್ಲ. ಇನ್ನೊಂದು ಕಡೆ, ಕರಣೆ ಮುಟ್ಟದವರ ಹೆಸರಲ್ಲೂ ಕಾರ್ಡ್ ಆಗಿದ್ದವು, ಸರ್ಕಾರವೇ ಅಂಥವನ್ನ ರದ್ದು ಮಾಡಿದೆ.

ಸಿಟಿಗೆ ಬಂದ್ರೆ ಸಾಕು ಅನ್ನೋರು ಇದನ್ನ ಸ್ವಲ್ಪ ಯೋಚಿಸ್ಬೇಕು. ಊರಿನ ಬಡತನ ಬಸ್ ಹತ್ತಿ ಜೊತೆಗೇ ಬರುತ್ತೆ. ಯಾಕಂದ್ರೆ ದುಡಿದಿದ್ದಕ್ಕೆ ಇಲ್ಲಿ ದಾಖಲೆಯೇ ಇಲ್ಲ.

ನನ್ನ ಪ್ರಕಾರ ಪ್ರಮಾಣಪತ್ರಕ್ಕೆ ಕಾರ್ಮಿಕರು ಅಲೆಯೋದನ್ನ ನಿಲ್ಲಿಸ್ಬೇಕು. ಕೂಲಿ ಲೆಕ್ಕಕ್ಕೆ ಸೈಟಲ್ಲಿ ಹಾಜರಿ ಪುಸ್ತಕ ಇದ್ದೇ ಇರುತ್ತೆ. ಅದನ್ನ ಬಿಲ್ಡರೇ ತಿಂಗಳು ತಿಂಗಳು ಮಂಡಳಿಗೆ ಕಳಿಸಲಿ, ಬೇರೆ ಬೇರೆ ಸೈಟಿನ ದಿನಗಳನ್ನ ಮಂಡಳಿಯೇ ಕೂಡಿಸಲಿ. ಬೆಂಗಳೂರಲ್ಲಿ ಪ್ಲಾನ್ ಮಂಜೂರು ಮಾಡುವಾಗಲೇ ಸೆಸ್ ದುಡ್ಡು ಕಟ್ಟಿಸಿಕೊಳ್ತಾರಲ್ಲ, ಓಸಿ ಕೊಡುವಾಗ ಕಟ್ಟಿದವರ ಹೆಸರಿನ ಪಟ್ಟಿಯನ್ನೂ ಕೇಳಲಿ.