ಚುನಾವಣೆಯ ಗಾಳಿ, ಆಷಾಢದ ಗಾಳಿ

ಚುನಾವಣೆ ಸಮೀಪಿಸಿತೆಂದರೆ ನಮ್ಮ ಪತ್ರಿಕೆಗಳಿಗೂ ದೂರದರ್ಶನದ ವಾಹಿನಿಗಳಿಗೂ ಒಂದೇ ಚಿಂತೆ: ಗಾಳಿ ಯಾವ ಕಡೆಗೆ ಬೀಸುತ್ತಿದೆ? ಒಂದೆಡೆ ಅಲೆ ಎದ್ದಿದೆ, ಇನ್ನೊಂದೆಡೆ ಅಲೆ ಇಳಿದಿದೆ ಎಂದು ಪಂಡಿತರು ದಿನವಿಡೀ ಪಂಚಾಂಗ ಶ್ರವಣ ಮಾಡಿಸುತ್ತಾರೆ. ಊರಿನ ಜೋಯಿಸರಾದರೆ, ಹೇಳಿದ ಮಳೆ ಬಾರದಿದ್ದಾಗ ನಾಲ್ಕು ದಿನ ತಲೆಮರೆಸಿಕೊಂಡಾರು. ಈ ಪಂಡಿತರಿಗೆ ಆ ಸಂಕೋಚವೂ ಇಲ್ಲ. ಫಲಿತಾಂಶ ಬಂದ ಮಧ್ಯಾಹ್ನವೇ, ಅದು ಏಕೆ ಹಾಗಾಯಿತೆಂದು ವಿವರಿಸಲು ಅದೇ ಕುರ್ಚಿಯಲ್ಲಿ ಅವರೇ ವಿರಾಜಮಾನರಾಗಿರುತ್ತಾರೆ.

ಭವಿಷ್ಯ ತಪ್ಪಿದ ನಿದರ್ಶನಗಳು ಒಂದೆರಡಲ್ಲ. 2004ರಲ್ಲಿ ‘ಭಾರತ ಪ್ರಕಾಶಿಸುತ್ತಿದೆ’ ಎಂಬ ಜಾಹೀರಾತು ದೇಶದ ತುಂಬ ಬೆಳಗಿತು. ಸರ್ಕಾರ ಉಳಿಯುವುದು ನಿಶ್ಚಯವೆಂದು ಬಹುಮಂದಿ ಬರೆದರು. ಎಣಿಕೆ ಮುಗಿದಾಗ ಕಾಂಗ್ರೆಸ್ಸಿಗೆ 145, ಭಾರತೀಯ ಜನತಾ ಪಕ್ಷಕ್ಕೆ 138 ಸ್ಥಾನಗಳು ದೊರೆತು ಸರ್ಕಾರವೇ ಬದಲಾಯಿತು. 2023ರಲ್ಲಿ ನಮ್ಮ ರಾಜ್ಯಕ್ಕೆ ಅತಂತ್ರ ವಿಧಾನಸಭೆಯನ್ನು ದಯಪಾಲಿಸಿದ ಸಮೀಕ್ಷೆಗಳು ಹಲವು. ಕಾಂಗ್ರೆಸ್ಸಿಗೆ ದೊರೆತದ್ದು 135 ಸ್ಥಾನಗಳ ಸ್ಪಷ್ಟ ಬಹುಮತ. 2024ರ ಲೋಕಸಭಾ ಚುನಾವಣೆಯಲ್ಲಿ ಆಡಳಿತ ಕೂಟಕ್ಕೆ 350ಕ್ಕೂ ಮಿಕ್ಕಿ ಸ್ಥಾನಗಳೆಂದು ಸಾರಿದವರು ಅನೇಕರು, ಬಂದದ್ದು 293. ಲೆಕ್ಕ ತಪ್ಪುವುದು ಮನುಷ್ಯ ಸಹಜವೆಂದು ಕ್ಷಮಿಸಿಬಿಡಬಹುದು. ಆದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೆ ಮತ್ತೆ ತಪ್ಪುವ ಲೆಕ್ಕಕ್ಕೆ ಮೂಲದಲ್ಲೇ ಏನೋ ಕೊರತೆಯಿರಬೇಕಲ್ಲವೆ?

ಆ ಕೊರತೆಯನ್ನು ಕಾಣಬೇಕಾದರೆ ಇಡೀ ದೇಶವನ್ನು ಸುತ್ತಬೇಕಾಗಿಲ್ಲ. ಬೆಂಗಳೂರಿನಿಂದ ಬಂಗಾರಪೇಟೆಗೆ ಸುಮಾರು 70 ಕಿಲೊಮೀಟರ್. ಅಲ್ಲಿ ಕವಲೊಡೆಯುವ ರೈಲುದಾರಿಯಲ್ಲಿ ಮಾರಿಕುಪ್ಪಂವರೆಗೆ ಹೋದರೆ ಕೋಲಾರದ ಚಿನ್ನದ ಗಣಿಯ ಊರು. ಈ ಊರಿನ ಮತಪೆಟ್ಟಿಗೆ ಹೇಳಿದ ಕಥೆಯನ್ನು ಓದುಗರು ತಾಳ್ಮೆಯಿಂದ ಕೇಳಬೇಕು.

1983ರಲ್ಲಿ ಕೆ.ಜಿ.ಎಫ್. ಕ್ಷೇತ್ರದಿಂದ ಅಣ್ಣಾ ಡಿ.ಎಂ.ಕೆ.ಯ ಎಂ. ಭಕ್ತವತ್ಸಲಂ ಆರಿಸಿಬಂದರು. ಹೊರಗಿನವರಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಗಣಿ ಕಾರ್ಮಿಕರಲ್ಲಿ ಬಹುಮಂದಿಯ ಮನೆಮಾತು ತಮಿಳು, ತಮಿಳರಿಗೆ ಎಂ.ಜಿ.ಆರ್. ಎಂದರೆ ಪ್ರಾಣ, ಅಲ್ಲಿಗೆ ವಿಚಾರ ಮುಗಿಯಿತು! ಆದರೆ ಮುಂದೇನಾಯಿತೆಂದು ನೋಡಿ. 1984ರ ಡಿಸೆಂಬರಿನಲ್ಲಿ ಎಂ.ಜಿ.ಆರ್. ಅವರು ಅಮೆರಿಕದ ಆಸ್ಪತ್ರೆಯಲ್ಲಿದ್ದುಕೊಂಡೇ ತಮಿಳುನಾಡನ್ನು ಗೆದ್ದರು. ಅಭಿಮಾನವು ತುತ್ತತುದಿಗೇರಿದ್ದ ಆ ಕಾಲದಲ್ಲಿ, ಮೂರೇ ತಿಂಗಳ ತರುವಾಯ, 1985ರ ಮಾರ್ಚಿನಲ್ಲಿ ಇದೇ ಗಣಿಯ ಜನ ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷದ ಟಿ.ಎಸ್. ಮಣಿಯವರನ್ನು ಗೆಲ್ಲಿಸಿದರು. 1989ರಲ್ಲಿ ಮರಳಿ ಭಕ್ತವತ್ಸಲಂ. 1994ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. 1999ರಲ್ಲಿ ಪುನಃ ಭಕ್ತವತ್ಸಲಂ, 2004ರಲ್ಲಿ ಪುನಃ ರಾಜೇಂದ್ರನ್. 2008 ಮತ್ತು 2013ರಲ್ಲಿ ಭಾರತೀಯ ಜನತಾ ಪಕ್ಷ. 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ರೂಪಕಲಾ ಶಶಿಧರ್.

ಭಾಷೆಯ ಮೋಹವೊಂದೇ ಕಾರಣವಾಗಿದ್ದರೆ, ಸಿನಿಮಾದ ಮೋಹವೊಂದೇ ಕಾರಣವಾಗಿದ್ದರೆ, ಈ ಪಟ್ಟಿ ಹೀಗಿರುತ್ತಿರಲಿಲ್ಲ. ಕರೆದು ಕೂರಿಸಿ, ಕೆಲಸವನ್ನು ಪರೀಕ್ಷಿಸಿ, ಇಳಿಸಿ, ಮತ್ತೆ ಅವಕಾಶ ಕೊಟ್ಟು ನೋಡಿದ ಯಜಮಾನನ ಲೆಕ್ಕದ ಪುಸ್ತಕದಂತೆ ಇದು ಕಾಣುತ್ತದೆ. ಪಕ್ಕದ ಬಂಗಾರಪೇಟೆ ಕ್ಷೇತ್ರವೂ ಇಂಥದೇ ಸ್ವಭಾವದ್ದು. 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಎಂ. ನಾರಾಯಣಸ್ವಾಮಿಯವರನ್ನು 2011ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಗುರುತಿನಲ್ಲೂ ಅದು ಗೆಲ್ಲಿಸಿತು. 2013ರಲ್ಲಿ ಬೇರೊಬ್ಬರನ್ನು ಕಾಂಗ್ರೆಸ್ಸಿನಿಂದ ಆರಿಸಿತು. ‘ಅಲೆ’ ಎಂಬ ಒಂದು ಪದದಿಂದ ಇದನ್ನೆಲ್ಲ ವಿವರಿಸಬಲ್ಲವರಿಗೆ ನಮ್ಮ ನಮಸ್ಕಾರ.

ಹಾಗಾದರೆ ಆ ಯಜಮಾನನ ಲೆಕ್ಕದ ಪುಸ್ತಕದಲ್ಲಿ ಏನೇನು ಬರೆದಿದೆ? 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. 1880ರಿಂದ ಜಾನ್ ಟೇಲರ್ ಕಂಪೆನಿ ನಡೆಸಿ, 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ ಅನಂತರ ಕೇಂದ್ರದ ವಶಕ್ಕೂ ಬಂದು, ನೂರಿಪ್ಪತ್ತು ವರ್ಷಗಳ ಕಾಲ ತಲೆತಲಾಂತರಗಳ ಅನ್ನವಾಗಿದ್ದ ಗಣಿ ಅದು. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೊಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯ ಕಾವಿಗೆ ಬೆಂದು ದುಡಿದವರ ಮನೆಗಳಲ್ಲಿ ಒಲೆ ಆರಿದ ಆ ದಿನವೇ ದೆಹಲಿಯಲ್ಲಿ ಯಶವಂತ ಸಿನ್ಹಾ ಅವರು ಕೇಂದ್ರದ ಬಜೆಟ್ಟನ್ನು ಮಂಡಿಸಿದರು. ಎರಡು ಸುದ್ದಿಗಳೂ ಒಂದೇ ದಿನದವು. ದೇಶದ ರಾಜಕೀಯ ಪುಟಗಳಿಗೆ ಯಾವುದು ದೊಡ್ಡದು, ಮಾರಿಕುಪ್ಪಂನ ಲೈನ್ ಮನೆಗೆ ಯಾವುದು ದೊಡ್ಡದು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಗಣಿ ಮುಚ್ಚಿದ ಮೇಲೆ ಆ ಊರಿನ ಪ್ರಶ್ನೆಗಳು ಬೇರೆಯಾದವು. ವಾಸವಿರುವ ಮನೆ ನಮ್ಮ ಹೆಸರಿಗೆ ಆಗುವುದೆ? ಬರಬೇಕಾದ ಹಣ ಪೂರ್ತಿ ಬರುವುದೆ? ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋದ ಮಗನಿಗೆ ಸಂಜೆಯ ರೈಲು ಸಕಾಲಕ್ಕೆ ಸಿಗುವುದೆ? ಇನ್ನು ಗಾಳಿಯ ಮಾತು. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ತೆಗೆದುಕೊಂಡು, ಉಳಿದ ಹುಡಿಯನ್ನು ಸುರಿದ ಗುಡ್ಡಗಳು ಊರಿನ ಸುತ್ತ ನಿಂತಿವೆ. ಆಷಾಢದ ಗಾಳಿ ಎದ್ದಾಗ ಆ ಹುಡಿ ಮನೆಮನೆಯ ಒಳಗೆ ಬರುತ್ತದೆ. ಅನ್ನದ ತಟ್ಟೆಯ ಮೇಲೆ, ಮಗುವಿನ ಉಸಿರಿನೊಳಗೆ. ‘ಗಾಳಿ ಯಾವ ಕಡೆಗೆ?’ ಎಂದು ಆ ಊರಿನ ತಾಯಿಯನ್ನು ಕೇಳಿದರೆ ಅವಳು ಇನ್ನೊಂದು ಗಾಳಿಯ ಸಂಗತಿಯನ್ನು ಹೇಳಿಯಾಳು. ಅದನ್ನು ಬರೆದುಕೊಳ್ಳಲು ಕೇಳುವವನ ಕಾಗದದಲ್ಲಿ ಜಾಗವಿಲ್ಲ.

ಜನಪ್ರಿಯ ರಾಜಕೀಯ ಪತ್ರಿಕೋದ್ಯಮವು ಮತದಾರನಿಂದ ದೂರ ಸರಿಯುವುದು ಹೀಗೆ. ಅದಕ್ಕೆ ದುರುದ್ದೇಶ ಬೇಕಾಗಿಲ್ಲ. ಪತ್ರಿಕೆಯನ್ನು ಕೊಳ್ಳುವವನು ಪಟ್ಟಣದವನು; ಜಾಹೀರಾತು ಕೊಡುವವನಿಗೂ ಬೇಕಾದವನು ಅವನೇ. ಅವನ ಕುತೂಹಲಕ್ಕೆ ತಕ್ಕಂತೆ ವರದಿ ಹುಟ್ಟುತ್ತದೆ. ವರದಿಗಾರನು ನಾಯಕರ ಕಾರಿನ ಹಿಂದೆಯೇ ಬಂದು, ಸಭೆಯ ಜನಸಂದಣಿಯನ್ನು ಕಣ್ಣಳತೆಯಲ್ಲಿ ಎಣಿಸಿ, ರಾಬರ್ಟ್‌ಸನ್‌ಪೇಟೆಯ ಹೋಟೆಲಿನಲ್ಲಿ ನಾಲ್ಕು ಜನರನ್ನು ಮಾತನಾಡಿಸಿ, ಜಾತಿಯ ಗುಣಾಕಾರ ಮುಗಿಸಿ ಸಂಜೆಗೆ ಹಿಂದಿರುಗುತ್ತಾನೆ. ಗಣಿಯ ಕಾಲೋನಿಯಲ್ಲಿ ತಮಿಳು ಬೇಕು, ಸುತ್ತಿನ ಹಳ್ಳಿಗಳಲ್ಲಿ ತೆಲುಗು ಬೇಕು. ಆ ಪುರುಸೊತ್ತು ಅವನಿಗೆಲ್ಲಿ? ಕೇಳುವ ಪ್ರಶ್ನೆಯೂ ಒಂದೇ: ಯಾರು ಗೆಲ್ಲುತ್ತಾರೆ? ಅಪರಿಚಿತನಿಗೆ ಮನಸ್ಸು ಬಿಚ್ಚಿ ಹೇಳಲು ಬಡವನೇನು ಹುಚ್ಚನೆ? ‘ನೋಡೋಣ ಸ್ವಾಮಿ’ ಎಂದು ನಕ್ಕು ಮುಂದೆ ಸಾಗುತ್ತಾನೆ. ಆ ನಗುವೇ ಮರುದಿನ ‘ಅಲೆ’ಯಾಗಿ ಅಚ್ಚಾಗುತ್ತದೆ.

ಪತ್ರಿಕೆಗಳೆಲ್ಲ ಎಂದೂ ಹೀಗೆಯೇ ಇದ್ದುವೆಂದು ತಿಳಿಯಬಾರದು. ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಬೆಲೆ, ಹೆಸರೇ ಹೇಳುವಂತೆ, ಒಂದು ಪೈಸೆ. ಚಿನ್ನದ ಗಣಿಯ ಕಾರ್ಮಿಕರಲ್ಲಿ ಅದಕ್ಕೆ ನಿಷ್ಠಾವಂತ ಓದುಗರಿದ್ದರು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ‘ತಮಿಳನ್’ ಪತ್ರಿಕೆಗೆ ಮರುಜೀವ ದೊರೆತದ್ದು ಇದೇ ಕೆ.ಜಿ.ಎಫ್.ನಲ್ಲಿ, ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಸಮಾಜವು ದೂರವಿಟ್ಟಿದ್ದ ಜನ ತಮ್ಮ ಮಾನದ, ಮತದ, ಹಕ್ಕಿನ ಪ್ರಶ್ನೆಗಳನ್ನು ಅದರಲ್ಲಿ ಓದಿದರು, ಚರ್ಚಿಸಿದರು. 1930ರಲ್ಲಿ ಕಂಪೆನಿಯು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲು ಮಾಡಲು ಹೊರಟಾಗ, ನಾವೇನು ಅಪರಾಧಿಗಳೆ ಎಂದು ಸಾವಿರಾರು ಮಂದಿ 21 ದಿನ ಕೆಲಸ ನಿಲ್ಲಿಸಿದರು. ಈ ಜನರ ಮಕ್ಕಳು ಮೊಮ್ಮಕ್ಕಳನ್ನು ‘ಸಿನಿಮಾ ನೋಡಿ ಮತ ಹಾಕುವವರು’ ಎನ್ನುವುದು ಅಜ್ಞಾನ ಮಾತ್ರವಲ್ಲ, ಅವಮಾನ. ಈಚೆಗಂತೂ ಕೆ.ಜಿ.ಎಫ್. ಎಂದೊಡನೆ ಹೊರಗಿನವರಿಗೆ ನೆನಪಾಗುವುದು 2018 ಮತ್ತು 2022ರಲ್ಲಿ ತೆರೆಕಂಡ ಚಲನಚಿತ್ರ. ಅದರ ಕತ್ತಿ, ಕೋವಿ, ಕಲ್ಪಿತ ಸಾಮ್ರಾಜ್ಯ.

ಮತದಾರರು ದೇವರೆಂದು ಹೇಳುವ ಉದ್ದೇಶ ನಮಗಿಲ್ಲ. ಹಣಕ್ಕೆ ಮತ್ತಿಗೆ ಮರುಳಾಗುವವರು ಎಲ್ಲೆಡೆಯೂ ಉಂಟು. ಆದರೆ ವಿವೇಕವಿಲ್ಲದವರಲ್ಲ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟವರೇ, ಮರುಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಕೊಟ್ಟರು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರ್ಪಡಿಸಿ ಯೋಚಿಸಲು ಅವರಿಗೆ ಯಾವ ಪಂಡಿತರೂ ಪಾಠ ಹೇಳಿರಲಿಲ್ಲ.

ಸಮೀಕ್ಷೆ ತಪ್ಪಿದರೆ ನಷ್ಟವೇನು ಎಂದು ಯಾರಾದರೂ ಕೇಳಬಹುದು. ಸಂಖ್ಯೆ ತಪ್ಪಿದರೆ ನಷ್ಟ ಅಲ್ಪ. ಕೇಳಬೇಕಾದ ಪ್ರಶ್ನೆಯೇ ತಪ್ಪಿಹೋದರೆ ನಷ್ಟ ದೊಡ್ಡದು. ಮುಚ್ಚಿದ ಗಣಿಗೆ ಮತ್ತೆ ಜೀವ ಬರುವುದೆಂಬ ಆಶ್ವಾಸನೆ ಆ ಊರಿನ ಜನರ ಕಿವಿಗೆ ಹೊಸದಲ್ಲ. 2024ರ ಜೂನ್ ತಿಂಗಳಲ್ಲಿ, ಆ 13 ಹುಡಿಗುಡ್ಡಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಂಪುಟವು ಒಪ್ಪಿಗೆಯಿತ್ತಿತು. ಅದರಿಂದ ಎಷ್ಟು ಜನರಿಗೆ ಕೆಲಸ? ಹುಡಿ ಹಾರದಂತೆ ಏನು ಏರ್ಪಾಡು? ಮನೆಗಳ ಗತಿಯೇನು? ಚುನಾವಣೆಯ ಗದ್ದಲ ಇಲ್ಲದ ದಿನಗಳಲ್ಲಿ ಈ ಪ್ರಶ್ನೆಗಳನ್ನು ಬೆನ್ನುಹತ್ತಿ ಕೇಳುವವರು ಇದ್ದರೆ ಆಶ್ವಾಸನೆ ಕೊಡುವವರ ನಾಲಿಗೆಗೆ ತುಸು ಹಿಡಿತ ಬಂದೀತು. ಇಲ್ಲವಾದರೆ, ತನ್ನ ಮಾತು ಎಲ್ಲಿಯೂ ಕೇಳಿಸುತ್ತಿಲ್ಲವೆಂದು ಕಂಡ ಮತದಾರನು ಐದು ವರ್ಷಗಳಿಗೊಮ್ಮೆ ಗುಂಡಿಯೊತ್ತಿ ಸುಮ್ಮನಾಗುತ್ತಾನೆ. ಆ ಮೌನವನ್ನು ಒಪ್ಪಿಗೆಯೆಂದು ಆಳುವವರು ಭಾವಿಸುತ್ತಾರೆ.

ಇದರಲ್ಲಿ ಓದುವ ನಮ್ಮ ಪಾಲೂ ಇದೆ. ಪತ್ರಿಕೆಗಳೂ ವಾಹಿನಿಗಳೂ ಬಡಿಸುವುದು ನಾವು ಚಪ್ಪರಿಸುವುದನ್ನೇ. ಯಾರು ಗೆಲ್ಲುವರು ಎಂಬುದಕ್ಕೆ ನಾವು ತೋರುವ ಆತುರದಲ್ಲಿ ಒಂದಂಶವನ್ನಾದರೂ, ಗೆದ್ದವರು ಏನು ಮಾಡಿದರು ಎಂಬುದಕ್ಕೆ ತೋರಿದರೆ, ಪುಟಗಳ ಸ್ವರೂಪ ತಾನೇ ಬದಲಾದೀತು. ಮಾರಿಕುಪ್ಪಂನಿಂದ ಬಂದ ಬೆಳಗಿನ ರೈಲು ಪ್ರತಿದಿನವೂ ಬೆಂಗಳೂರಿನಲ್ಲಿ ನಿಲ್ಲುತ್ತದೆ. ಅದರಿಂದಿಳಿದವರು ನಮ್ಮ ಕಟ್ಟಡಗಳನ್ನು ಕಟ್ಟುತ್ತಾರೆ, ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಮತದಾರನ ಮನಸ್ಸನ್ನು ಅರಿಯಲು ಸಮೀಕ್ಷೆಗಾಗಿ ಕಾಯಬೇಕಾಗಿಲ್ಲ. ಅವರನ್ನು ಮಾತನಾಡಿಸಿದರೆ ಸಾಕು.