ಬಗ್ ಕಂಡರೆ ಬಗ್ಗಿ ನಡೆಯೋದಾ?

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದು ನಮ್ಮ ನಾಡಿನ ಅನಧಿಕೃತ ಧ್ಯೇಯವಾಕ್ಯ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಬಂದು ಕೂತಾಗ, ಸಾರಿಗೆ ಉಪ್ಪು ಕಮ್ಮಿ ಆದಾಗ, ಮದುವೆಮನೆಯಲ್ಲಿ ಚಾಪೆ ಸಾಲದೇ ಹೋದಾಗ ಇದು ದೊಡ್ಡ ಗುಣವೇ. ಆದರೆ ಇದೇ ಗುಣವನ್ನ ನಾವು ಕಂಪ್ಯೂಟರಿಗೂ ತೋರಿಸ್ತೀವಲ್ಲ, ಅಲ್ಲಿ ನನ್ನ ತಕರಾರು. ತಂತ್ರಾಂಶದಲ್ಲಿ ಬಗ್ ಕಂಡ ಕೂಡಲೇ ನಾವು ತಗ್ಗಿ ಬಗ್ಗಿ ನಡೆದುಬಿಡ್ತೀವಿ. (ಶ್ಲೇಷೆ ಬೇಕಂತಲೇ ಮಾಡಿದ್ದು, ಬೈಯಬೇಡಿ :) )

ಹಳೇ ಬ್ಲಾಗಿಗರಿಗೆ ನೆನಪಿರಬಹುದು. ಫೈರ್‌ಫಾಕ್ಸ್ 2 ಇದ್ದ ಕಾಲದಲ್ಲಿ ಕನ್ನಡ ಬರಹವನ್ನ ಎರಡೂ ಅಂಚಿಗೆ ಸಮ ಮಾಡಿ ಜಸ್ಟಿಫೈ ಮಾಡಿದರೆ ಸಾಕು, ಒತ್ತಕ್ಷರಗಳು ಕಿತ್ತುಕೊಂಡು, ಕಾಗುಣಿತ ಚೆಲ್ಲಾಪಿಲ್ಲಿಯಾಗಿ ಓದೋಕೇ ಆಗ್ತಿರಲಿಲ್ಲ. ಆಗ ನಾವೇನು ಮಾಡಿದ್ವಿ? ಒಬ್ಬರ ಬ್ಲಾಗಿಗೆ ಇನ್ನೊಬ್ಬರು ಹೋಗಿ "ಸಾರ್, ಟೆಂಪ್ಲೇಟಿನಲ್ಲಿ ಜಸ್ಟಿಫೈ ತೆಗೀರಿ" ಅಂತ ಕಾಮೆಂಟಿಸಿದ್ವಿ. ಇಲ್ಲಾಂದ್ರೆ "ಐಇ ಯಲ್ಲಿ ನೋಡಿ, ಚೆನ್ನಾಗಿ ಕಾಣುತ್ತೆ". ಮೊಜಿಲ್ಲಾದವರ ಬಗ್‌ಜಿಲ್ಲಾದಲ್ಲಿ ಆ ತೊಂದರೆ ವರ್ಷಗಳಿಂದ ದಾಖಲಾಗಿತ್ತು. 2008ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3 ಬಂದಾಗ ಸರಿಹೋಯಿತು. ಅಷ್ಟು ವರ್ಷ ಅಲ್ಲಿಗೆ ಹೋಗಿ "ಕನ್ನಡದಲ್ಲೂ ಹೀಗಾಗ್ತಿದೆ, ಇಗೋ ಚಿತ್ರ" ಅಂತ ಒಂದು ಸಾಲು ಸೇರಿಸಿದವರು ನಮ್ಮಲ್ಲಿ ಎಷ್ಟು ಜನ? ಬೆರಳೆಣಿಕೆಯಷ್ಟು ಇದ್ದಿರಬಹುದು, ಅವರಿಗೆ ನನ್ನ ದೊಡ್ಡ ನಮಸ್ಕಾರ. ಉಳಿದವರೆಲ್ಲ ಅಡ್ಜಸ್ಟ್ ಮಾಡ್ಕೊಂಡ್ವಿ.

ಈಗ ಕನ್ನಡದಿಂದ ಸ್ವಲ್ಪ ಹೊರಗೆ ಹೋಗಿ ಬರೋಣ, ಸುತ್ತಿ ಬಳಸಿ ವಾಪಸ್ ಇಲ್ಲಿಗೇ ಬರ್ತೀನಿ.

ಸ್ಟಾಕ್ ಓವರ್‌ಫ್ಲೋ ಗೊತ್ತಲ್ಲ? ಪ್ರೋಗ್ರಾಮರುಗಳು ಪ್ರಶ್ನೆ ಕೇಳಿ ಉತ್ತರ ಪಡೆಯೋ ತಾಣ. ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಅನ್ನೋ ಇಬ್ಬರು 2008ರಲ್ಲಿ ಶುರು ಮಾಡಿದ್ದು. ಮರುವರ್ಷ ಅದಕ್ಕೊಂದು ಜಗಲಿ ಕಟ್ಟಿದರು, ಹೆಸರು ಮೆಟಾ. ತಾಣದ ಬಗ್ಗೆಯೇ ದೂರೋದಿದ್ರೆ, ಬಗ್ ಹೇಳೋದಿದ್ರೆ ಅಲ್ಲಿ ಬರೀಬೇಕು. ಬರೆದದ್ದು ಎಲ್ಲರಿಗೂ ಕಾಣುತ್ತೆ. ಬೇರೆಯವರು ಬಂದು "ನನಗೂ ಹಾಗೇ ಆಯ್ತು" ಅಂತಲೋ "ನನ್ನ ಬ್ರೌಸರಿನಲ್ಲಿ ಆಗ್ಲಿಲ್ಲ" ಅಂತಲೋ ಸೇರಿಸ್ತಾರೆ. ಕೊನೆಗೆ ತಾಣದವರು ಅದಕ್ಕೊಂದು ಚೀಟಿ ಅಂಟಿಸ್ತಾರೆ. ಸರಿಪಡಿಸಿದ್ದೇವೆ, ಮಾಡುವುದಿಲ್ಲ, ನಮ್ಮಲ್ಲಿ ಮರುಕಳಿಸುತ್ತಿಲ್ಲ, ಅಥವಾ ಎಲ್ಲಕ್ಕಿಂತ ಹೊಟ್ಟೆ ಉರಿಸೋ ಚೀಟಿ: ಅದು ಇರಬೇಕಾದ್ದೇ ಹಾಗೆ!

ಈ ಕೊನೆಯ ಚೀಟಿ ನೋಡಿ ನಗು ಬರುತ್ತೆ, ಸಿಟ್ಟೂ ಬರುತ್ತೆ. "ಮಳೆ ಬಂದ್ರೆ ಸೋರೋದು ನಮ್ಮ ಮನೆಯ ವಿನ್ಯಾಸ" ಅಂದ ಹಾಗೆ. ಆದರೂ ನನಗೆ ಆ ಪದ್ಧತಿ ಇಷ್ಟ. ಇಲ್ಲ ಅನ್ನೋದನ್ನೂ ನಾಲ್ಕು ಜನರ ಮುಂದೆ ಇಲ್ಲ ಅಂತಾರೆ. ನಾವು ದೂರು ಕೊಡೋ ಎಷ್ಟೋ ಕಡೆ ಅದು ಪಾತಾಳಕ್ಕೆ ಬಿತ್ತೋ ಆಕಾಶಕ್ಕೆ ಹಾರಿತೋ ಗೊತ್ತೇ ಆಗಲ್ಲ.

ಆ ತಾಣ 2016ರ ಜುಲೈ 20ರಂದು ಮಕಾಡೆ ಮಲಗಿತು. ನಮ್ಮ ಗಡಿಯಾರದಲ್ಲಿ ರಾತ್ರಿ 8:14. ಒಟ್ಟು 34 ನಿಮಿಷ ಬಂದ್. ಆಮೇಲೆ ಅವರೇ ಏನಾಯ್ತು ಅಂತ ಪೂರ್ತಿ ಬರೆದು ಪ್ರಕಟಿಸಿದರು. ನಾನು ಓದಿದ ಬಗ್ ಕಥೆಗಳಲ್ಲೆಲ್ಲ ಇದು ನನ್ನ ಮೆಚ್ಚಿನದು.

ಯಾರೋ ಒಬ್ಬರು ತಮ್ಮ ಕೋಡ್ ಹಾಕಿದ್ದರು. ಅದರಲ್ಲಿ ಆಟಗಾರನಿಗೆ ಖುಷಿಯ ಸದ್ದು ಕೇಳಿಸೋದರ ಬಗ್ಗೆ ಒಂದು ಕಾಮೆಂಟ್ ಸಾಲು. ಆ ಸಾಲಿನಲ್ಲಿ ಹತ್ತಿರ ಹತ್ತಿರ 20,000 ಖಾಲಿ ಜಾಗಗಳು! ಹೇಗೆ ಸೇರಿಕೊಂಡವೋ ದೇವರಿಗೇ ಗೊತ್ತು. ಸಾಲಿನ ಆರಂಭ ಮತ್ತು ಕೊನೆಯ ಖಾಲಿ ಜಾಗ ಕತ್ತರಿಸೋಕೆ ತಾಣದವರು ಒಂದು ಪುಟ್ಟ ರೆಗ್ಯುಲರ್ ಎಕ್ಸ್‌ಪ್ರೆಶನ್ ಇಟ್ಟಿದ್ದರು. ಅದರ ಕೆಲಸ ಹೇಗೆ ಅಂದ್ರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋದು, ಮೇಲೆ ಬಾಗಿಲು ಮುಚ್ಚಿದೆ ಅಂತ ಗೊತ್ತಾದ ಮೇಲೆ ಕೆಳಗಿಳಿದು, ಈ ಸಲ ಎರಡನೇ ಮೆಟ್ಟಿಲಿಂದ ಶುರು ಮಾಡೋದು. ಮತ್ತೆ ಮುಚ್ಚಿದೆ. ಮೂರನೆಯದರಿಂದ.. ಹೀಗೆ. ಸಾವಿರ ಮೆಟ್ಟಿಲಿಗೇ ಐದು ಲಕ್ಷ ಹೆಜ್ಜೆ ಆಯ್ತು. 20,000ಕ್ಕೆ ಲೆಕ್ಕ ಹಾಕಿದರೆ ಸುಮಾರು 20 ಕೋಟಿ. ಆ ಬರಹ ಮುಖಪುಟದ ಪಟ್ಟಿಯಲ್ಲಿ ಇದ್ದಿದ್ದರಿಂದ ಮುಖಪುಟ ತೆರೆದ ಪ್ರತಿಯೊಬ್ಬರಿಗೂ ಸರ್ವರು ಇಷ್ಟು ಬೆಟ್ಟ ಹತ್ತಬೇಕು. ಸಾಲದ್ದಕ್ಕೆ, ಸರ್ವರುಗಳ ಆರೋಗ್ಯ ನೋಡೋ ಲೋಡ್ ಬ್ಯಾಲೆನ್ಸರ್ ಕೂಡ ಅದೇ ಮುಖಪುಟ ನೋಡಿ ನಾಡಿ ಹಿಡೀತಿತ್ತು. ಮುಖಪುಟ ಉತ್ತರ ಕೊಡ್ತಿಲ್ಲ, ಹಾಗಾದ್ರೆ ಇವೆಲ್ಲ ಸತ್ತಿವೆ ಅಂತ ಒಂದೊಂದೇ ಸರ್ವರನ್ನ ಸಾಲಿನಿಂದ ಹೊರಗೆ ಹಾಕಿತು. ಇಡೀ ತಾಣ ಢಮಾರ್.

ಕಾರಣ ಹುಡುಕೋಕೆ 10 ನಿಮಿಷ, ತಿದ್ದುಪಡಿ ಬರೆಯೋಕೆ 14 ನಿಮಿಷ, ಅದನ್ನ ಸರ್ವರುಗಳಿಗೆ ಹಾಕೋಕೆ 10 ನಿಮಿಷ. ಎಕ್ಸ್‌ಪ್ರೆಶನ್ ಕಿತ್ತುಹಾಕಿ ಸಾದಾ ಸಬ್‌ಸ್ಟ್ರಿಂಗ್ ಕೋಡ್ ಹಾಕಿದರು, ಮುಗೀತು. ತಾಣವೇ ಬಿದ್ದುಹೋದ್ರೆ ದೂರು ಕೊಡೋರೇ ಬೇಕಿಲ್ಲ, ಕೆಲಸದವರೆಲ್ಲ ತಾವೇ ಓಡಿ ಬರ್ತಾರೆ. ಯಾರೋ ನಾಲ್ಕು ಜನಕ್ಕೆ ಮಾತ್ರ ಕಾಣೋ ಬಗ್‌ಗಳ ಹಣೆಬರಹ ಹಾಗಲ್ಲ.

ಇನ್ನು ಕನ್ನಡಕ್ಕೆ ವಾಪಸ್ ಬರೋಣ ಅಂದಿದ್ದೆನಲ್ಲ, ಬಂದ್ವಿ. ಆ ಪುಟ್ಟ ಎಕ್ಸ್‌ಪ್ರೆಶನ್ ಕತ್ತರಿಸಬೇಕು ಅಂತ ಪಟ್ಟಿ ಮಾಡಿದ್ದು ಎರಡೇ ಬಾಬ್ತು. ಒಂದು ಎಲ್ಲ ಬಗೆಯ ಖಾಲಿ ಜಾಗ. ಇನ್ನೊಂದು ಯೂನಿಕೋಡಿನ 200ಸಿ ಅನ್ನೋ ಸಂಖ್ಯೆಯ ಅಕ್ಷರ. ಈ 200ಸಿ ಯಾರು ಗೊತ್ತಾ? ನಮ್ಮ ಜೀರೋ ವಿಡ್ತ್ ನಾನ್ ಜಾಯ್ನರ್! ಕಣ್ಣಿಗೆ ಕಾಣಲ್ಲ, ಅಗಲ ಇಲ್ಲ, ಎರಡು ವ್ಯಂಜನದ ನಡುವೆ ನಿಂತು "ಒತ್ತು ಕೊಡಬೇಡ" ಅನ್ನುತ್ತೆ ಅಷ್ಟೇ. ಅದು ಇದ್ರೆ "ಸಾಫ್ಟ್‌ವೇರ್". ಇಲ್ಲದಿದ್ರೆ "ಸಾಫ್ಟ್ವೇರ್". ಎರಡನೆಯದನ್ನ ಒಂದೇ ಉಸಿರಿಗೆ ಓದಿ ನೋಡೋಣ..

ಆ ತಾಣದಲ್ಲಿ ಈ ಅಕ್ಷರಕ್ಕೆ ಇನ್ನೊಂದು ಉಪಕಥೆಯೂ ಇದೆ. ಅಲ್ಲಿನ ಕಾಮೆಂಟುಗಳಲ್ಲಿ ಉದ್ದನೆಯ ಪದ ಅಂಚು ದಾಟದಿರಲಿ ಅಂತ ತಾಣವೇ ನಡುವೆ ಇಂಥ ಕಾಣದ ಅಕ್ಷರಗಳನ್ನ ತೂರಿಸ್ತಿತ್ತು. ಅಲ್ಲಿಂದ ಕೋಡ್ ಕಾಪಿ ಮಾಡಿಕೊಂಡವರಿಗೆ ಎಲ್ಲ ಸರಿ ಇದ್ದೂ ಪ್ರೋಗ್ರಾಮು ಓಡ್ತಿರಲಿಲ್ಲ. ಕಾಣದ ತಪ್ಪನ್ನ ಹುಡುಕೋದು ಎಲ್ಲಿ?

ಮುಂದೆ 2018ರ ಫೆಬ್ರವರಿಯಲ್ಲಿ ಐಫೋನುಗಳ ಗಲಾಟೆ ಆಯ್ತಲ್ಲ. ತೆಲುಗಿನ "ಜ್ಞಾ" ಅಕ್ಷರ ಬಂದ್ರೆ ಸಾಕು, ಮೆಸೇಜ್ ಆಪ್‌ಗಳು ಕುಸಿದು ಬೀಳ್ತಿದ್ದವು. ಜನ ಅದನ್ನ ಒಬ್ಬರಿಗೊಬ್ಬರು ಕಳಿಸಿ ಮಜಾ ತಗೊಂಡರು. ಆ ಸರಣಿಯನ್ನ ಬಿಡಿಸಿ ನೋಡಿದ್ರೆ ಜ, ಹಲಂತ, ಞ, ಆಮೇಲೆ ಇದೇ 200ಸಿ, ಕೊನೆಗೆ ಆ-ಕಾರ. ಫೆಬ್ರವರಿ 19ಕ್ಕೆ ಐಓಎಸ್ 11.2.6 ಬಿಟ್ಟು ಆಪಲ್ ಅದನ್ನ ಸರಿಪಡಿಸಿತು. ಅಲ್ಲಿ ಆಪ್ ಕುಸಿದಿದ್ದಕ್ಕೆ ಜಗತ್ತೆಲ್ಲ ಸುದ್ದಿ. ಬರೀ ಒಂದು ಒತ್ತು ತಪ್ಪಾಗಿ ಕಂಡಿದ್ದರೆ ಯಾವ ಪತ್ರಿಕೆಯೂ ಬರೀತಿರಲಿಲ್ಲ.

ನನ್ನ ವಾದ ಇಷ್ಟೇ. ಎಲ್ಲೋ ಕೂತು ಕೋಡ್ ಬರೆಯೋ ಹುಡುಗ ಹುಡುಗಿಯರಿಗೆ ಈ ಅಕ್ಷರ ಕಸ. ನಮಗೆ ಕಾಗುಣಿತ. ಅವರು ದ್ವೇಷದಿಂದ ಕಸ ಅಂದುಕೊಂಡಿಲ್ಲ, ಅವರಿಗೆ ಹೇಳಿದವರಿಲ್ಲ. ಇಂಗ್ಲಿಷಿನಲ್ಲಿ ಬಗ್ ಇದ್ರೆ ಬರೆದವನೇ ನೋಡ್ತಾನೆ. ಕನ್ನಡದ ಬಗ್ ಕನ್ನಡ ಓದೋರಿಗೆ ಮಾತ್ರ ಕಾಣೋದು. ನಾವು ನೋಡಿ ಸುಮ್ಮನಾದ್ರೆ ಆ ಬಗ್ ಇಲ್ಲ ಅಂತಲೇ ಲೆಕ್ಕ. ಹಾಗಾಗಿ ಬಗ್ ತಿದ್ದೋ ಇಂಜಿನಿಯರಿಗಿಂತ ಅದನ್ನ ನೆಟ್ಟಗೆ ವರದಿ ಮಾಡೋನ ಕೆಲಸವೇ ದೊಡ್ಡದು ಅಂತ ನಾನು ಹೇಳಿದ್ರೆ ಇಂಜಿನಿಯರ್ ಗೆಳೆಯರು ಜಗಳಕ್ಕೆ ಬರ್ತಾರೆ. ಬರಲಿ.

ನೆಟ್ಟಗೆ ಅಂದ್ರೆ ಹೇಗೆ? ಮೇಲೆ ಹೇಳಿದ ಜೋಯೆಲ್ ಸ್ಪೋಲ್ಸ್ಕಿ 2000ದಲ್ಲೇ ಬರೆದಿದ್ದಾರೆ: ಏನೇನು ಮಾಡಿದಾಗ ಆಯ್ತು, ಏನಾಗಬೇಕು ಅಂತ ನಿರೀಕ್ಷಿಸಿದ್ರಿ, ಅದರ ಬದಲು ಏನು ಕಂಡ್ರಿ. ಮೂರೇ ಸಂಗತಿ. "ಕನ್ನಡ ಸರಿಯಾಗಿ ಬರ್ತಿಲ್ಲ, ಬೇಗ ಸರಿ ಮಾಡಿ" ಅನ್ನೋದು ವರದಿ ಅಲ್ಲ, ನಿಟ್ಟುಸಿರು. "ನಿಮಗೆ ಕನ್ನಡ ಅಂದ್ರೆ ತಾತ್ಸಾರ" ಅನ್ನೋದು ಭಾಷಣ. ಭಾಷಣ ನವೆಂಬರಿಗೆ ಇರಲಿ :)

ಮೂರನ್ನೂ ಬರೆದ್ರೂ ಕಷ್ಟ ಇದ್ದೇ ಇದೆ, ಅದನ್ನೂ ಹೇಳಿಬಿಡ್ತೀನಿ. ನಾನು ಬಳಸೋ ಒಂದು ತಾಣದಲ್ಲಿ (ಹೆಸರು ಬೇಡ) ಶೀರ್ಷಿಕೆಯಲ್ಲಿ ಮಾತ್ರ 200ಸಿ ಮಾಯ ಆಗ್ತಿತ್ತು. ಲೇಖನದೊಳಗೆ "ಸಾಫ್ಟ್‌ವೇರ್", ಶೀರ್ಷಿಕೆಯಲ್ಲಿ "ಸಾಫ್ಟ್ವೇರ್". ಹೀಗೆ ಟೈಪಿಸಿದೆ, ಹೀಗೆ ಬರಬೇಕಿತ್ತು, ಹೀಗೆ ಬಂತು ಅಂತ ಮೂರೂ ಬರೆದು ಕಳಿಸಿದೆ. ಉತ್ತರ ಬಂತು: ಕ್ಯಾಶೆ ಖಾಲಿ ಮಾಡಿ, ಬೇರೆ ಬ್ರೌಸರ್ ಬಳಸಿ ನೋಡಿ. ಮಾಡಿದೆ, ಹಾಗೇ ಇದೆ ಅಂತ ಬರೆದೆ. "ನಮ್ಮಲ್ಲಿ ಮರುಕಳಿಸುತ್ತಿಲ್ಲ, ನೀವು ಕೊಟ್ಟ ಎರಡೂ ಪದಗಳು ಒಂದೇ ಆಗಿವೆ" ಅಂತ ಮುಚ್ಚಿಬಿಟ್ಟರು. ಎರಡೂ ಒಂದೇ ಹೇಗೆ ಆಗುತ್ತೆ ಅಂತ ತಲೆ ಕೆರೆದುಕೊಂಡು ನನ್ನ ದೂರನ್ನೇ ತೆರೆದು ನೋಡಿದ್ರೆ.. ದೂರು ಬರೆಯೋ ಡಬ್ಬಿಯೂ 200ಸಿ ನುಂಗ್ತಿದೆ! ರೋಗ ತೋರಿಸೋಕೆ ಹೋದ್ರೆ ಡಾಕ್ಟರಿಗೂ ಅದೇ ರೋಗ.

ಮತ್ತೆ ಬರೆದೆ. ಈ ಸಲ ಅಕ್ಷರಗಳ ಜೊತೆ ಅವುಗಳ ಯೂನಿಕೋಡ್ ಸಂಖ್ಯೆಗಳನ್ನೂ ಸಾಲಾಗಿ ಕೊಟ್ಟು, ಎರಡು ಸ್ಕ್ರೀನ್‌ಶಾಟ್ ಅಂಟಿಸಿ, ಕೊನೆಗೆ "ಪದಗಳು ಒಂದೇ ಕಾಣ್ತಿರೋದೇ ಬಗ್" ಅಂತ. ಐದು ವಾರ ಸದ್ದಿಲ್ಲ. ಒಂದು ದಿನ ನೋಡಿದ್ರೆ ಶೀರ್ಷಿಕೆ ಸರಿಯಾಗಿತ್ತು. ಆಯ್ತು ಅಂತ ಒಂದು ಮಾತೂ ಹೇಳಿರಲಿಲ್ಲ.

ಈ ಒಂದು ಮಾತು ಹೇಳದಿರೋದೇ ನನಗೆ ಬೇಜಾರು. ಡೊನಾಲ್ಡ್ ಕನೂತ್ ಅಂತ ದೊಡ್ಡ ಗಣಕ ವಿಜ್ಞಾನಿ ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿ ಕೊಟ್ಟವರಿಗೆ 2.56 ಡಾಲರಿನ ಚೆಕ್ ಕಳಿಸ್ತಿದ್ದರು. 256 ಸೆಂಟು ಅಂದ್ರೆ ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ ಒಂದು ಡಾಲರ್ ಅಂತ ಅವರ ತಮಾಷೆ. ಎಷ್ಟೋ ಜನ ಅದನ್ನ ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಚೆಕ್ ವಂಚನೆಗಳ ಕಾಟ ಜಾಸ್ತಿಯಾಗಿ 2008ರಿಂದ ಅಸಲಿ ಚೆಕ್ ನಿಲ್ಲಿಸಿ, ಇಲ್ಲದ ಒಂದು ಬ್ಯಾಂಕಿನ ಹೆಸರಲ್ಲಿ ಪ್ರಮಾಣಪತ್ರ ಕೊಡೋಕೆ ಶುರು ಮಾಡಿದರು. ಅದಕ್ಕೂ ಜನ ಮುಗಿಬಿದ್ದರು. ದುಡ್ಡಿಗಲ್ಲ ಸ್ವಾಮಿ. "ನೀನು ಹೇಳಿದ್ದು ಸರಿ" ಅಂತ ಒಬ್ಬರು ಒಪ್ಪಿಕೊಂಡರಲ್ಲ, ಅದಕ್ಕೆ.

ದೂರು ತಗೊಳ್ಳೋ ಕಡೆಯವರ ಕಷ್ಟವೂ ಇಲ್ಲ ಅಂತಲ್ಲ. ದಿನಕ್ಕೆ ನೂರು ನಿಟ್ಟುಸಿರು ಬಂದ್ರೆ ಯಾರಿಗಾದ್ರೂ ಕಿವಿ ಕಿವುಡಾಗುತ್ತೆ. ಹಾಗಂತ ಕ್ಯಾಶೆ ಖಾಲಿ ಮಾಡಿ ಅನ್ನೋ ಸಿದ್ಧ ಉತ್ತರ ಎಸೆಯೋದು ಬೇಡ. ಮೂರೂ ಸಂಗತಿ ಬರೆದವರ ವರದಿಯನ್ನಾದ್ರೂ ಒಬ್ಬ ಮನುಷ್ಯ ಓದಲಿ.

ಈಗ ನಿಮ್ಮ ಹತ್ತಿರ ಒಂದು ಕೋರಿಕೆ. "ರ‍್ಯಾಂಕ್" ಬರೆದ್ರೆ "ರ್ಯಾಂಕ್" ಆಗಿ ಅರ್ಕಾವತ್ತು ಬರೋ ಜಾಗಗಳು, ಹುಡುಕಾಟದಲ್ಲಿ ಸಿಗದ ಪದಗಳು, ಫೋನಿನಲ್ಲಿ ಒತ್ತು ಅರ್ಧ ಕತ್ತರಿಸಿ ಹೋಗೋದು.. ಇಂಥವು ನಿಮಗೆ ಎಲ್ಲಿ ಕಂಡಿವೆ ಅಂತ ಕೆಳಗೆ ಬರೀರಿ. ಯಾವ ಫೋನು, ಯಾವ ಬ್ರೌಸರ್, ಯಾವ ಆವೃತ್ತಿ ಅಂತ ಸೇರಿಸಿದ್ರೆ ಇಂಗ್ಲಿಷಿನಲ್ಲಿ ವರದಿ ತಯಾರು ಮಾಡಿ ಸಂಬಂಧಪಟ್ಟ ಕಡೆ ಹಾಕೋ ಕೆಲಸ ನಂದು. ನಾನು ಹಾಕಿದ ಮೇಲೆ ಕೊಂಡಿ ಕೊಡ್ತೀನಿ, ನೀವು ಬಂದು "ನನಗೂ ಹೀಗೇ ಆಗ್ತಿದೆ" ಅನ್ನಿ, ಅಷ್ಟಾದ್ರೆ ಸಾಕು.

ಅಂದ ಹಾಗೆ ಆ ತಾಣದ ದೂರಿನ ಡಬ್ಬಿ ಇನ್ನೂ 200ಸಿ ನುಂಗ್ತಾನೇ ಇದೆ. ಅದರ ಬಗ್ಗೆಯೂ ಒಂದು ದೂರು ಕೊಟ್ಟಿದ್ದೀನಿ. ಬೇರೆ ದಾರಿ ಇಲ್ಲದೆ ಅದೇ ಡಬ್ಬಿಯಲ್ಲಿ!