ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು. ಮರುದಿನವೂ ಬಳ್ಳಾರಿಯ ಜೀನ್ಸ್ ಘಟಕ, ಸಿರುಗುಪ್ಪದ ಅಕ್ಕಿ ಗಿರಣಿ, ಕುರುಗೋಡಿನ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಎಂದಿನಂತೆ ಆನ್ ಆಯಿತು. ಅಪಾಯ ಇರುವುದೇ ಇಲ್ಲಿ. ಕೆಡದ ಯಂತ್ರದ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

2017ರ ಮೇನಲ್ಲಿ ವನ್ನಾಕ್ರೈ ವೈರಸ್ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ ಬಂದಿತ್ತು. ಆದರೆ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೆ ಅದು ಎಲ್ಲರ ಕೈಗೆ ಸಿಕ್ಕಿದ್ದು ದಾಳಿಯಾದ ಮೇಲೆ. ಗಿರಣಿಯ ಬಾಕಿ ಲೆಕ್ಕವೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದರೆ ಸಾಲಗಾರರಿಗೆ ಮಾತ್ರ ಅಂಥ ದಾಳಿ ಶುಭ ಸುದ್ದಿ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದ್ದೋ ನಂತರದ್ದೋ ಆಗಿರಬೇಕು. ಆ ಪೀಳಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ಯಂತ್ರ ಗಟ್ಟಿಮುಟ್ಟಾಗಿದ್ದರೂ ಅನರ್ಹ. ‘ಹೆಂಗೋ ಹಾಕಿ ಕೊಡ್ತೀನ್ರಿ’ ಎನ್ನುವ ರಿಪೇರಿಯವರ ಮಾತು ನಂಬಿ ಅಡ್ಡದಾರಿಯಲ್ಲಿ 11 ಹಾಕಿಸಿಕೊಂಡರೆ, ಮುಂದಿನ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಖಾತರಿ ಕೊಡುವುದಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಹಾಕಿ ಎಂಬ ಸಲಹೆ ಬೆಂಗಳೂರಿನಿಂದ ಸಲೀಸಾಗಿ ಬರುತ್ತದೆ. ಆದರೆ ಅದೇ ಬೆಂಗಳೂರಿನಲ್ಲಿ ತಯಾರಾಗುವ ಲೆಕ್ಕದ ತಂತ್ರಾಂಶ ಟ್ಯಾಲಿ ಪ್ರೈಮ್ ವಿಂಡೋಸ್‌ಗೆಂದೇ ಮಾಡಿದ್ದು. ಕನ್ನಡ ಟೈಪಿಸುವ ಹಳೆಯ ‘ನುಡಿ’ಯೂ ಹಾಗೆಯೇ. ಬೆರಳ ಗುರುತು ಓದುವ ಯಂತ್ರಗಳ ಡ್ರೈವರ್ ಸಿಗುವುದೂ ಹೆಚ್ಚಾಗಿ ವಿಂಡೋಸ್, ಆಂಡ್ರಾಯ್ಡ್‌ಗೆ. ಕೇರಳದ ಶಾಲೆಗಳು ಲಿನಕ್ಸ್‌ಗೆ ಬಂದಿವೆ, ನಿಜ. ಅಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯೇ ತಂತ್ರಾಂಶ ಸಿದ್ಧಪಡಿಸಿ ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಕುರುಗೋಡಿನ ಅಂಗಡಿಯವನ ಬೆನ್ನಿಗೆ ಅಂಥ ಯಾರಿದ್ದಾರೆ?

ಹಾಗಾಗಿ ನೋಡಬೇಕಾದದ್ದು ಯಂತ್ರದ ವಯಸ್ಸನ್ನಲ್ಲ, ಅದು ಮಾಡುವ ಕೆಲಸವನ್ನು. ಬ್ಯಾಂಕು, ಜಿಎಸ್‌ಟಿ ನೋಡುವ ಕಂಪ್ಯೂಟರ್‌ಗೆ ಮೊದಲ ಆದ್ಯತೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಪುಕ್ಕಟೆಯಾಗಿ, ಇಲ್ಲವೇ 30 ಡಾಲರ್ ಕೊಟ್ಟರೆ, ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಲು ಆ ಅವಧಿ ಬಳಸಿಕೊಳ್ಳಬಹುದು. ಲೆಕ್ಕದ ಇನ್ನೊಂದು ಪ್ರತಿ ಮಾತ್ರ ಇಂದೇ ಬೇರೆ ಡಿಸ್ಕ್‌ಗೆ ಹೋಗಲಿ. ಲಗ್ನಪತ್ರಿಕೆ, ಅರ್ಜಿ ಟೈಪಿಸುವ ಯಂತ್ರದ ಇಂಟರ್ನೆಟ್ ಕಿತ್ತರೆ ಸಾಕೆನಿಸಬಹುದು. ಆದರೆ ಊರಿನ ಪೆನ್‌ಡ್ರೈವ್‌ಗಳೆಲ್ಲ ಬಂದು ಹೋಗುವುದು ಅದಕ್ಕೇ! ಹಾಗಾಗಿ ಅದನ್ನು ಲಿನಕ್ಸ್‌ಗೆ ಒಯ್ಯಲು ಮೊದಲು ಆಗಬೇಕಾದ ಕೆಲಸ ಹಳೆ ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವುದು. ಆಮೇಲೆ ಆ ಬರಹವನ್ನು ಲಿನಕ್ಸ್‌ನಲ್ಲೂ ಓದಬಹುದು, ತಿದ್ದಬಹುದು.

ಉಳಿದದ್ದು ಸರ್ಕಾರದ ಪಾಲು. ಬೆರಳ ಗುರುತು ಓದುವ ಯಂತ್ರ ಕೊಳ್ಳುವ ಟೆಂಡರ್‌ನಲ್ಲಿ ‘ಲಿನಕ್ಸ್ ಡ್ರೈವರ್ ಕಡ್ಡಾಯ’ ಎಂಬ ಒಂದು ಸಾಲು ಸೇರಿಸಲು ಹೊಸ ಯೋಜನೆಯಾಗಲಿ, ಬಜೆಟ್ ಘೋಷಣೆಯಾಗಲಿ ಬೇಕಿಲ್ಲ.